ಡಿಸ್ಕ್ ಬ್ರೇಕ್ ಇದೆ ಸರಿ, ಚಕ್ರ ಹಿಡಿದಿರೋದು ಯಾವುದು?

ಹೋದ ಮಳೆಗಾಲದ ಒಂದು ಭಾನುವಾರ ಪಕ್ಕದ ಮನೆಯ ಹುಡುಗ ಹೊಸ ಸೈಕಲ್ ತಳ್ಳಿಕೊಂಡು ಬಂದ. ಒಂಬತ್ತನೇ ಕ್ಲಾಸು. ಎರಡೂ ಚಕ್ರಕ್ಕೆ ಡಿಸ್ಕ್. ಫ್ರೇಮಿನ ಮೇಲೆ ‘ಡ್ಯುಯಲ್ ಡಿಸ್ಕ್’ ಅಂತ ಅಂಗೈ ಅಗಲದ ಸ್ಟಿಕ್ಕರ್. “ಅಂಕಲ್, ಬ್ರೇಕ್ ಹಿಡಿತಾನೇ ಇಲ್ಲ” ಅಂದ. ನೋಡಿದರೆ ಡಿಸ್ಕ್ ಪ್ಲೇಟು ಹಬ್ಬದ ದಿನ ಎಣ್ಣೆ ಹಚ್ಚಿಕೊಂಡ ತಲೆಯ ಹಾಗೆ ಹೊಳೆಯುತ್ತಿತ್ತು. ಬ್ರೇಕ್ ಹಿಡಿದಾಗಲೆಲ್ಲ ಕೀರ್ ಅಂತ ಕಿರುಚುತ್ತಿತ್ತಂತೆ. ಅಜ್ಜಿ ಬಾಗಿಲಿಗೆ ಕೊಬ್ಬರಿ ಎಣ್ಣೆ ಬಿಡುವುದನ್ನು ನೋಡಿದ್ದಾನೆ. ಇದಕ್ಕೂ ಬಿಟ್ಟಿದ್ದಾನೆ.

ಮೊದಲು ನಗು ಬಂತು. ಮುಂದಿನ ವಾರ ಗೆಳೆಯರ ಜೊತೆ ಮುಳ್ಳಯ್ಯನಗಿರಿಗೆ ಹೋಗುತ್ತೇವೆ ಅಂದಾಗ ನಗು ನಿಂತಿತು.

ಅವನದ್ದು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಡಿಸ್ಕ್ ಪ್ಲೇಟಿಗೆ ಎಣ್ಣೆ ತಾಗಬಾರದು ಅಂತ ಅವನಿಗೆ ಯಾರೂ ಹೇಳಿಲ್ಲ. ಅಂಗಡಿಯಲ್ಲಿ ಹೇಳಿದ್ದು ಒಂದೇ ಮಾತು: “ಡಿಸ್ಕ್ ಇದೆ ಸಾರ್, ಸೇಫ್.” ಅಪ್ಪನೂ ಅದನ್ನು ನಂಬಿಯೇ ಎರಡು ಸಾವಿರ ಜಾಸ್ತಿ ಕೊಟ್ಟಿದ್ದಾರೆ. ಚಿಕ್ಕಮಗಳೂರಲ್ಲಿ ಈಗ ಮಕ್ಕಳು ಕೇಳುವ ಸೈಕಲ್ಲಿಗೆಲ್ಲ ಡಿಸ್ಕ್ ಇರಲೇಬೇಕು. 2006-07ರಲ್ಲಿ ಶುರುವಾದ ಸರ್ಕಾರದ ಉಚಿತ ಸೈಕಲ್ ಯೋಜನೆಯಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸಿಕ್ಕ ಸೈಕಲ್ಲುಗಳಿಗೆ ಡಿಸ್ಕ್ ಇರಲಿಲ್ಲ. ಅವು ಅಂಥ ಚಂದವೂ ಇರಲಿಲ್ಲ ಬಿಡಿ. ಆದರೆ ಅವುಗಳ ಬ್ರೇಕ್ ಏನು ಮಾಡುತ್ತದೆ, ಯಾಕೆ ಕೆಟ್ಟಿದೆ ಅನ್ನುವುದು ಮಕ್ಕಳ ಕಣ್ಣಿಗೇ ಕಾಣುತ್ತಿತ್ತು. ಬ್ರೇಕ್ ಶೂ ಸವೆದಿದೆ, ವಯರ್ ಸಡಿಲ ಆಗಿದೆ, ಅಷ್ಟೇ. ಡಿಸ್ಕ್‌ನಲ್ಲಿ ಮುಖ್ಯವಾದದ್ದೆಲ್ಲ ಮರೆಯಲ್ಲಿ ನಡೆಯುತ್ತದೆ.

ನಾನು ಡಿಸ್ಕ್ ವಿರೋಧಿಯಲ್ಲ. ಮಲೆನಾಡಿನ ಮಳೆಗೆ ಅದಕ್ಕಿಂತ ಒಳ್ಳೆಯ ಬ್ರೇಕ್ ಇಲ್ಲ. ರಿಮ್ ಬ್ರೇಕಿನಲ್ಲಿ ಶೂ ಒತ್ತುವುದು ರಿಮ್ಮನ್ನು. ಆ ರಿಮ್ಮೇ ರಸ್ತೆಯ ನೀರು, ಕೆಸರಿಗೆ ಹತ್ತಿರ. ಒದ್ದೆಯಾದಾಗ ಶೂ ಮೊದಲು ನೀರನ್ನು ಒರೆಸಬೇಕು, ಆಮೇಲೆ ಹಿಡಿಯಬೇಕು. ಆ ಒಂದೆರಡು ಸುತ್ತಿನಲ್ಲಿ ತಿರುವು ಮುಗಿದು ಕಾಫಿ ತೋಟದ ಬೇಲಿ ಬಂದಿರುತ್ತದೆ. ಡಿಸ್ಕ್ ಹಬ್ಬಿನ ಹತ್ತಿರ, ನೆಲದಿಂದ ಒಂದಡಿ ಮೇಲಿದೆ. ರಂಧ್ರಗಳಿರುವ ತೆಳು ತಗಡು, ನೀರನ್ನು ಬೇಗ ಕೊಡವಿಕೊಳ್ಳುತ್ತದೆ. ಇನ್ನೊಂದು ಲಾಭ, ಕಾವು ಟ್ಯೂಬಿನ ಹತ್ತಿರ ಹೋಗುವುದಿಲ್ಲ. ರಿಮ್ ಬ್ರೇಕ್ ಹಿಡಿದೇ ಘಾಟಿ ಇಳಿದು ರಿಮ್ ಕಾದು ಟ್ಯೂಬ್ ಸಿಡಿದದ್ದುಂಟು.

ಕಾವು ಮಾತ್ರ ಎಲ್ಲಿಗಾದರೂ ಹೋಗಲೇಬೇಕಲ್ಲ. ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಮುಳ್ಳಯ್ಯನಗಿರಿ 1,930 ಮೀಟರ್. ಚಿಕ್ಕಮಗಳೂರು ಊರು ಸುಮಾರು 1,090. ಮೇಲಿನ ಮೆಟ್ಟಿಲ ಭಾಗ ಬಿಟ್ಟರೂ ಕೈಮರದ ದಾರಿಯಲ್ಲಿ ಊರಿಗೆ ಬರುವಷ್ಟರಲ್ಲಿ 800 ಮೀಟರಿನಷ್ಟು ಇಳಿಯುತ್ತೇವೆ. ಸವಾರ, ಸೈಕಲ್ ಸೇರಿ 85 ಕೆಜಿ ಅಂದರೆ ಆ ಇಳಿತದಲ್ಲಿ ಬಿಡುಗಡೆಯಾಗುವ ಶಕ್ತಿ ಸುಮಾರು 6.7 ಲಕ್ಷ ಜೂಲ್. ಎರಡು ಲೀಟರ್ ತಣ್ಣೀರನ್ನು ಕುದಿಸಲು ಅಷ್ಟು ಸಾಕು. ಒಂದು ಭಾಗವನ್ನು ಗಾಳಿ ತಿನ್ನುತ್ತದೆ. ಹೆದರಿಕೊಂಡು ನಿಧಾನಕ್ಕೆ ಇಳಿದರೆ ಗಾಳಿಯ ಪಾಲು ಕಡಿಮೆ, ಬ್ರೇಕಿನ ಪಾಲು ಜಾಸ್ತಿ.

ಈಗ ಡಿಸ್ಕ್ ಪ್ಲೇಟನ್ನು ನೋಡಿ. 160 ಮಿಲಿಮೀಟರ್ ಅಳತೆಯದ್ದು ಸುಮಾರು 120 ಗ್ರಾಂ. ಅಷ್ಟು ಉಕ್ಕು ಒಂದು ಡಿಗ್ರಿ ಕಾಯಲು 60 ಜೂಲ್ ಸಾಕು. ಬರೀ 25 ಮೀಟರ್ ಇಳಿದಾಗಿನ ಶಕ್ತಿಯಲ್ಲಿ ಅರ್ಧ ಮುಂದಿನ ಡಿಸ್ಕ್‌ಗೆ ಹೋಗಿ, ಸ್ವಲ್ಪವೂ ತಣಿಯದೆ ಅಲ್ಲೇ ಉಳಿದರೆ, ಪ್ಲೇಟಿನ ಕಾವು 170 ಡಿಗ್ರಿ ಏರಬೇಕು. ನಿಜದಲ್ಲಿ ಅಷ್ಟು ಏರುವುದಿಲ್ಲ, ಗಾಳಿ ತಣಿಸುತ್ತಿರುತ್ತದೆ. ಅಂದರೆ ಡಿಸ್ಕ್ ಕಾವನ್ನು ತುಂಬಿಟ್ಟುಕೊಳ್ಳುವ ಪಾತ್ರೆಯಲ್ಲ, ಕಾವು ಹರಿದುಹೋಗುವ ತೂಬು. ತೂಬು ಸಣ್ಣದಾದರೆ ಕೆರೆ ಕೋಡಿ ಬೀಳುತ್ತದೆ. ಇಳಿಜಾರಿಗೆಂದೇ ಮಾಡಿದ ಸೈಕಲ್ಲುಗಳಿಗೆ 180, 203 ಮಿಲಿಮೀಟರ್ ಪ್ಲೇಟು ಹಾಕುವುದು ಇದಕ್ಕೇ. ಜಪಾನಿನ ಸೈಕಲ್ ಬಿಡಿಭಾಗದ ಕಂಪನಿ ಶಿಮಾನೊ ಎರಡು ಉಕ್ಕಿನ ಪದರದ ನಡುವೆ ಅಲ್ಯೂಮಿನಿಯಂ ಇಟ್ಟು ಪ್ಲೇಟು ಮಾಡಿದ್ದೂ ಇದಕ್ಕೇ, ಅಲ್ಯೂಮಿನಿಯಂ ಕಾವನ್ನು ಬೇಗ ಸಾಗಿಸುತ್ತದೆ. ಹತ್ತು-ಹನ್ನೆರಡು ಸಾವಿರದ ಸೈಕಲ್ಲಿನಲ್ಲಿ ಇಂಥದ್ದೆಲ್ಲ ಎಲ್ಲಿ ಸಿಗಬೇಕು?

ಕಾವಿನ ವಿಚಾರವಾದರೂ ಜನರಿಗೆ ಸ್ವಲ್ಪ ಗೊತ್ತು. ಕಾರು, ಲಾರಿ ಘಾಟಿ ಇಳಿದಾಗ ಬರುವ ಸುಟ್ಟ ವಾಸನೆ ಚಾರ್ಮಾಡಿ, ಶಿರಾಡಿಯಲ್ಲಿ ಓಡಾಡಿದವರಿಗೆ ಪರಿಚಯ. ಗೊತ್ತಿಲ್ಲದ ವಿಚಾರ ಇನ್ನೊಂದಿದೆ. ನನ್ನ ಮಟ್ಟಿಗೆ ಅದೇ ದೊಡ್ಡದು.

ಕೆಲವು ವರ್ಷಗಳ ಹಿಂದೆ ಬಾಬಾಬುಡನ್‌ಗಿರಿಯಿಂದ ಇಳಿಯುತ್ತಿದ್ದೆ. ಸೆಕೆಂಡ್ ಹ್ಯಾಂಡ್ ಸೈಕಲ್, ವಯರ್ ಎಳೆಯುವ ಡಿಸ್ಕ್ ಬ್ರೇಕ್, ಮುಂದಿನ ಚಕ್ರಕ್ಕೆ ಕ್ವಿಕ್ ರಿಲೀಸ್. ಅಂದರೆ ಸ್ಪ್ಯಾನರ್ ಬೇಡ, ಒಂದು ಹಿಡಿ ತಿರುಗಿಸಿದರೆ ಚಕ್ರ ಕಳಚಿ ಕೈಗೆ ಬರುತ್ತದೆ. ಬ್ರೇಕ್ ಹಿಡಿದಾಗಲೆಲ್ಲ ಮುಂದೆ ಟಕ್ ಅಂತ ಸಣ್ಣ ಸದ್ದು. ಹ್ಯಾಂಡಲ್ ತಿರುಗುವ ಜಾಗದ ಹೆಡ್‌ಸೆಟ್ ಸಡಿಲವಿರಬೇಕು ಅಂದುಕೊಂಡು ಸುಮ್ನೆ ಬಂದೆ. ಕೈಮರದಲ್ಲಿ ಟೀ ಕುಡಿಯಲು ನಿಲ್ಲಿಸಿ ಚಕ್ರ ಅಲ್ಲಾಡಿಸಿದೆ. ಹಿಡಿ ಮುಚ್ಚಿಯೇ ಇತ್ತು. ಆದರೆ ಚಕ್ರದ ನಡುವೆ ಹಾಯುವ ಆಕ್ಸಲ್‌ನ ಎಡತುದಿ ಚಕ್ರವನ್ನು ಎರಡು ಕಾಲಲ್ಲಿ ಹಿಡಿದಿರುವ ಫೋರ್ಕಿನ ಸೀಳಿನಿಂದ ಅರ್ಧ ಹೊರಗೆ ಬಂದಿತ್ತು. ಟೀ ಗಂಟಲಲ್ಲಿ ಇಳಿಯಲಿಲ್ಲ.

ಊರಿಗೆ ಬಂದು ಸೈಕಲ್ ಮಾರಿದ ಅಂಗಡಿಯಲ್ಲಿ ಕೇಳಿದೆ. “ನೀವು ಟೈಟ್ ಮಾಡಿಲ್ಲ ಮಾರಾಯ್ರೇ” ಅಂದರು. ನಾನೂ ಹಾಗೇ ನಂಬಿ ನನ್ನನ್ನೇ ಬೈದುಕೊಂಡೆ. ಆಮೇಲೆ ಓದುತ್ತಾ ಹೋದಾಗ ತಿಳಿಯಿತು, ತಪ್ಪು ಸವಾರನದಾ, ಸೈಕಲ್ಲಿನದಾ ಎಂಬ ವಾದ ನನಗಿಂತ ಮುಂಚೆಯೇ ದೊಡ್ಡ ಮಟ್ಟದಲ್ಲಿ ನಡೆದುಹೋಗಿದೆ. 2003ರಲ್ಲಿ ಜೇಮ್ಸ್ ಅನ್ನನ್ ಎಂಬ ಬ್ರಿಟಿಷ್ ವಿಜ್ಞಾನಿ ಇದನ್ನು ಲೆಕ್ಕ ಸಮೇತ ಬರೆದಿದ್ದರು. ಅವರ ಕೆಲಸ ಹವಾಮಾನದ ಅಧ್ಯಯನ, ಸೈಕಲ್ ತಯಾರಿಕೆಯಲ್ಲ.

ಅವರು ಹೇಳಿದ್ದು ಇದು. ಸೈಕಲ್ ಮುಂದೆ ಹೋಗುವಾಗ ಚಕ್ರದ ಮುಂಭಾಗ ಕೆಳಗಿಳಿಯುತ್ತಿರುತ್ತದೆ, ಹಿಂಭಾಗ ಮೇಲೇಳುತ್ತಿರುತ್ತದೆ. ಡಿಸ್ಕ್ ಬ್ರೇಕಿನ ಕ್ಯಾಲಿಪರ್, ಅಂದರೆ ಪ್ಲೇಟನ್ನು ಎರಡೂ ಕಡೆಯಿಂದ ಪ್ಯಾಡುಗಳಿಂದ ಒತ್ತುವ ಭಾಗ, ಇರುವುದು ಫೋರ್ಕಿನ ಎಡಗಾಲಿನ ಹಿಂದೆ. ಅದು ಮೇಲೇಳುವ ಪ್ಲೇಟನ್ನು ಹಿಡಿಯುತ್ತದೆ, ಅಂದರೆ ಚಕ್ರವನ್ನು ಕೆಳಕ್ಕೆ ಒತ್ತುತ್ತದೆ. ಆಕ್ಸಲ್ ಕೂರುವ ಸೀಳಿನ ಬಾಯಿ ತೆರೆದಿರುವುದೂ ಕೆಳಕ್ಕೇ. ಬ್ರೇಕ್ ಹಿಡಿದಾಗಲೆಲ್ಲ ಚಕ್ರವನ್ನು ಬಾಗಿಲಿನಿಂದ ಹೊರಕ್ಕೆ ನೂಕಿದ ಹಾಗೆ.

ಎಷ್ಟು ಜೋರಾಗಿ ನೂಕುತ್ತದೆ? ಅದೇ 85 ಕೆಜಿಯ ಲೆಕ್ಕ ಹಿಡಿಯಿರಿ. ಜೋರಾಗಿ ಬ್ರೇಕ್ ಹಾಕಿದಾಗ ರಸ್ತೆ ಟಯರನ್ನು ಹಿಂದಕ್ಕೆ ಎಳೆಯುವ ಬಲ 42 ಕೆಜಿ ತೂಕದಷ್ಟು. ಟಯರ್ ಇರುವುದು ಆಕ್ಸಲ್‌ನಿಂದ 34 ಸೆಂಟಿಮೀಟರ್ ದೂರ, ಬ್ರೇಕ್ ಹಿಡಿಯುವುದು ಬರೀ 8 ಸೆಂಟಿಮೀಟರಿನಲ್ಲಿ. ಸನ್ನೆಕೋಲಿನ ಲೆಕ್ಕ. ಪ್ಯಾಡಿನ ಜಾಗದಲ್ಲಿ ಬಲ ನಾಲ್ಕು ಪಟ್ಟಿಗಿಂತ ಜಾಸ್ತಿ, ಸುಮಾರು 180 ಕೆಜಿ. ಮೈಭಾರವೆಲ್ಲ ಮುಂದಿನ ಚಕ್ರಕ್ಕೆ ಬಂದು 85 ಕೆಜಿ ಫೋರ್ಕನ್ನು ಆಕ್ಸಲ್ ಮೇಲೆ ಕೂರಿಸಿದರೂ, ಇನ್ನೂ 95 ಕೆಜಿ ಹೊರಕ್ಕೆ ತಳ್ಳಲು ಉಳಿಯಿತು. ಅದೂ ಎಡಗಡೆ ಒಂದೇ ಬದಿಗೆ. ಹಳೆಯ ರಿಮ್ ಬ್ರೇಕಿನಲ್ಲಿ ಹಿಡಿತ ಚಕ್ರದ ಹೊರ ಅಂಚಿನಲ್ಲಿರುವುದರಿಂದ ಈ ನಾಲ್ಕು ಪಟ್ಟಿನ ಆಟವೇ ಇರಲಿಲ್ಲ.

ಚೆನ್ನಾಗಿ ಬಿಗಿದ ಕ್ವಿಕ್ ರಿಲೀಸ್ ಈ ಬಲವನ್ನು ತಡೆಯುತ್ತದೆ. ಅಂಗಡಿಯವರ ಮಾತು ಅಷ್ಟರ ಮಟ್ಟಿಗೆ ಸರಿ. ಆದರೆ ಬಿಗಿ ಹಾಗೇ ಉಳಿಯುತ್ತದಾ? ಬ್ರೇಕ್ ಹಿಡಿದಾಗ ಆಕ್ಸಲ್ ಕೂದಲೆಳೆಯಷ್ಟು ಕೆಳಗೆ ಜಾರುತ್ತದೆ, ಗುಂಡಿಗೆ ಬಿದ್ದಾಗ ಮತ್ತೆ ಮೇಲೆ. ಹೀಗೆ ಅಡ್ಡಡ್ಡ ಜಾರಾಡುವ ನಟ್ಟು ತಾನಾಗಿ ತಿರುಗಿ ಬಿಚ್ಚಿಕೊಳ್ಳುತ್ತದೆ ಎಂದು ಜರ್ಮನಿಯ ಇಂಜಿನಿಯರ್ ಗೆರ್‌ಹಾರ್ಡ್ ಯುಂಕರ್ 1969ರಲ್ಲೇ ತೋರಿಸಿಕೊಟ್ಟಿದ್ದರು. ನಮ್ಮ ರಸ್ತೆಗಳಲ್ಲಿ ಗುಂಡಿಗೂ ಕೊರತೆಯಿಲ್ಲ, ಬ್ರೇಕಿಗೂ ಕೊರತೆಯಿಲ್ಲ.

ಕ್ವಿಕ್ ರಿಲೀಸ್ ಇದಕ್ಕೆಂದು ಹುಟ್ಟಿದ್ದೇ ಅಲ್ಲ. ರೇಸಿನಲ್ಲಿ ಚಕ್ರ ಬೇಗ ಬಿಚ್ಚಲೆಂದು ಇಟಲಿಯ ಟುಲ್ಲಿಯೋ ಕಾಂಪನ್ಯೋಲೊ 1930ರ ಸುಮಾರಿಗೆ ಮಾಡಿದ್ದು. ಆಗ ಎಲ್ಲ ರಿಮ್ ಬ್ರೇಕಿನ ಕಾಲ. ದಶಕಗಳ ಮೇಲೆ ಡಿಸ್ಕ್ ಬಂದಾಗ ಹಳೆಯ ಫೋರ್ಕಿನ ಸೀಳಿಗೇ ಹೊಸ ಕ್ಯಾಲಿಪರ್ ಜೋಡಿಸಿದರು. ತಪ್ಪು ಇರುವುದು ಅಲ್ಲಿ. ಬ್ರೇಕೂ ಚೆನ್ನಾಗಿದೆ, ಕ್ವಿಕ್ ರಿಲೀಸೂ ಚೆನ್ನಾಗಿದೆ. ಎರಡನ್ನೂ ಮದುವೆ ಮಾಡಿಸುವಾಗ ಜಾತಕ ನೋಡಿದವರಿಲ್ಲ.

ಪರಿಹಾರ ಕಷ್ಟದ್ದೇನಲ್ಲ. ಕ್ಯಾಲಿಪರನ್ನು ಫೋರ್ಕಿನ ಮುಂದಕ್ಕೆ ಹಾಕಿದರೆ ಬ್ರೇಕ್ ಚಕ್ರವನ್ನು ಮೇಲಕ್ಕೆ, ಸೀಳಿನ ಒಳಕ್ಕೆ ಒತ್ತುತ್ತದೆ. ಇಲ್ಲವೇ ಸೀಳಿನ ಬಾಯನ್ನು ಮುಂದಕ್ಕೆ ತಿರುಗಿಸಬೇಕು. ಕೆಲವು ಕಂಪನಿಗಳು ಹಾಗೆ ಮಾಡಿದವು. ಎಲ್ಲಕ್ಕಿಂತ ಚೆನ್ನಾದದ್ದು ಥ್ರೂ ಆಕ್ಸಲ್. ಇದರಲ್ಲಿ ಸೀಳೇ ಇಲ್ಲ, ಪೂರ್ತಿ ಮುಚ್ಚಿದ ರಂಧ್ರ. 12 ಅಥವಾ 15 ಮಿಲಿಮೀಟರ್ ದಪ್ಪದ ಆಕ್ಸಲ್ ಒಂದು ಕಾಲಿನಿಂದ ಹೊಕ್ಕು ಇನ್ನೊಂದಕ್ಕೆ ತಿರುಚಿಕೊಳ್ಳುತ್ತದೆ. ಸ್ವಲ್ಪ ಸಡಿಲವಾದರೂ ಚಕ್ರ ಎಲ್ಲಿಗೂ ಹೋಗುವುದಿಲ್ಲ. ಈಗ ದುಬಾರಿ ಸೈಕಲ್ಲುಗಳಲ್ಲಿ ಇದೇ ಮಾಮೂಲು. ತಮಾಷೆ ಅಂದರೆ, ಕಂಪನಿಗಳು ಇದನ್ನು ಮಾರಿದ್ದು ಹೆಚ್ಚಾಗಿ ‘ಫೋರ್ಕ್ ಗಟ್ಟಿ ಆಗುತ್ತದೆ, ತಿರುವಿನಲ್ಲಿ ಚೆನ್ನಾಗಿ ಹೋಗುತ್ತದೆ’ ಅಂತ. ಚಕ್ರ ಬೀಳುವುದಿಲ್ಲ ಅಂತ ಜೋರಾಗಿ ಹೇಳಿದರೆ ಹಳೆಯದು ಬೀಳುತ್ತಿತ್ತಾ ಅಂತ ಜನ ಕೇಳುತ್ತಾರಲ್ವಾ.

ಅಗ್ಗದ ಸೈಕಲ್ಲಿಗೆ ಥ್ರೂ ಆಕ್ಸಲ್ ಬರುವುದು ಸದ್ಯಕ್ಕೆ ಕನಸು. ಆದರೆ ಸೀಳನ್ನು ಮುಂದಕ್ಕೆ ತಿರುಗಿಸಿ ಫೋರ್ಕ್ ಮಾಡಲು ಖರ್ಚು ಹೆಚ್ಚೇನಿಲ್ಲ, ಅಚ್ಚು ಬದಲಾಯಿಸಬೇಕು ಅಷ್ಟೇ. ನಟ್ ಹಾಕುವ ಆಕ್ಸಲ್ ಆದರೆ, ಫೋರ್ಕಿನ ತೂತಿಗೆ ಸಿಕ್ಕಿಕೊಳ್ಳುವ ಕೊಂಡಿಯ ವಾಷರ್ ಕೆಲವೇ ರೂಪಾಯಿಯ ವಸ್ತು. ಎಷ್ಟೋ ಸಲ ಪಂಚರ್ ಹಾಕುವಾಗ ಅದನ್ನೇ ‘ಎಕ್ಸ್‌ಟ್ರಾ’ ಅಂತ ಎಸೆದಿರುತ್ತಾರೆ.

ಕ್ವಿಕ್ ರಿಲೀಸ್ ಹಿಡಿಯದ್ದೇ ಇನ್ನೊಂದು ಕಥೆಯಿದೆ. 2015ರಲ್ಲಿ ಅಮೆರಿಕದ ಟ್ರೆಕ್ ಕಂಪನಿ ಆ ದೇಶವೊಂದರಲ್ಲೇ ಸುಮಾರು 9 ಲಕ್ಷ ಸೈಕಲ್ಲುಗಳನ್ನು ಸರಿಪಡಿಸಿಕೊಡಲು ವಾಪಸ್ ಕರೆಯಿತು. ಎಲ್ಲವೂ ಮುಂದೆ ಡಿಸ್ಕ್, ಮುಂದೆ ಕ್ವಿಕ್ ರಿಲೀಸ್ ಇದ್ದವು. ಹಿಡಿಯನ್ನು ಸರಿಯಾಗಿ ಮುಚ್ಚದೆ ಬಿಟ್ಟರೆ ಅದು ಪೂರ್ತಿ ತಿರುಗಿ ಡಿಸ್ಕ್ ಪ್ಲೇಟಿಗೆ ಸಿಕ್ಕಿಕೊಳ್ಳುತ್ತಿತ್ತು. ಒಬ್ಬ ಸವಾರರ ಕೈಕಾಲು ಶಾಶ್ವತವಾಗಿ ಸ್ವಾಧೀನ ತಪ್ಪಿದವು. ಆಗ ಜನರಿಗೆ ಹೇಳಿಕೊಟ್ಟ ಪರೀಕ್ಷೆ ಬಹಳ ಸರಳ. ಹಿಡಿಯನ್ನು ಪೂರ್ತಿ ತೆರೆಯಿರಿ. ಅದಕ್ಕೂ ಡಿಸ್ಕ್ ಪ್ಲೇಟಿಗೂ ನಡುವೆ ಒಂದು ಮಾಮೂಲಿ ಪೆನ್ಸಿಲ್ ತೂರಿಸಿ. ತೂರದಿದ್ದರೆ ಆ ಸೈಕಲ್ ಓಡಿಸಬೇಡಿ. ಇಷ್ಟಕ್ಕೂ ಹಿಡಿಯನ್ನು ಡಿಸ್ಕ್ ಇಲ್ಲದ ಬಲಗಡೆಗೆ ಹಾಕಿಕೊಂಡರೆ ಈ ಗೊಡವೆಯೇ ಇರುವುದಿಲ್ಲ.

ಫೋರ್ಕಿನ ಮಾತು ಬಂದಾಗ ಇನ್ನೊಂದು ಹೇಳಲೇಬೇಕು. ಹಳೆಯ ಸೈಕಲ್ಲಿನ ಫೋರ್ಕಿಗೆ ವೆಲ್ಡಿಂಗ್ ಶಾಪಿನಲ್ಲಿ ಒಂದು ಕಿವಿ ಬೆಸೆಸಿ ಡಿಸ್ಕ್ ಹಾಕಿಸಿಕೊಂಡವರನ್ನು ನಾನೇ ನೋಡಿದ್ದೇನೆ. ರಿಮ್ ಬ್ರೇಕಿನ ಫೋರ್ಕ್ ಭಾರ ತಾಳುವುದು ಮೇಲೆ, ಎರಡೂ ಕಾಲು ಕೂಡುವಲ್ಲಿ. ಡಿಸ್ಕ್ ಹಾಕಿದರೆ ಒಂದೇ ಕಾಲಿನ ತೆಳು ತುದಿಗೆ ಆ 180 ಕೆಜಿಯ ಪೆಟ್ಟು. ದಯವಿಟ್ಟು ಬೇಡ.

ಇನ್ನು ಪ್ಯಾಡು, ಆಯಿಲ್ಲು. ಅಗ್ಗದ ವಯರ್ ಡಿಸ್ಕ್‌ನಲ್ಲಿ ಸಾಮಾನ್ಯವಾಗಿ ಒಂದು ಕಡೆಯ ಪ್ಯಾಡ್ ಮಾತ್ರ ಚಲಿಸುತ್ತದೆ. ಅದು ಪ್ಲೇಟನ್ನು ಬಗ್ಗಿಸಿ ಆಚೆ ಕಡೆಯ ಪ್ಯಾಡಿಗೆ ಒತ್ತುತ್ತದೆ. ಪ್ಯಾಡ್ ಸವೆದಂತೆ ಯಾರಾದರೂ ತಿರುಗಿಸಿ ಹತ್ತಿರ ತರಬೇಕು. ವಯರಿನ ಬದಲು ಆಯಿಲ್ ಒತ್ತಡದಲ್ಲಿ ನಡೆಯುವ ಆಯಿಲ್ ಬ್ರೇಕಿನಲ್ಲಿ ಅದು ತಾನಾಗಿ ಆಗುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ರಸ್ತೆಗೆ ಹರಿಯುವ ಕೆಮ್ಮಣ್ಣು ಉಪ್ಪುಕಾಗದದ ಹಾಗೆ. ಮೆತ್ತನೆ ರೆಸಿನ್ ಪ್ಯಾಡ್ ಒಂದು ಮಳೆಗಾಲ ತಾಳದೆ ಹೋಗಬಹುದು. ಲೋಹದ ಪುಡಿಯ ಪ್ಯಾಡ್ ಜಾಸ್ತಿ ಬಾಳುತ್ತದೆ, ಕಾವನ್ನೂ ತಡೆಯುತ್ತದೆ, ಸದ್ದು ಮಾತ್ರ ಜಾಸ್ತಿ. ಆದರೆ ಅಗ್ಗದ ಪ್ಲೇಟುಗಳ ಮೇಲೆ ‘ರೆಸಿನ್ ಪ್ಯಾಡ್ ಓನ್ಲಿ’ ಅಂತ ಕೊರೆದಿರುತ್ತದೆ. ಅದಕ್ಕೆ ಲೋಹದ ಪ್ಯಾಡ್ ಹಾಕಿದರೆ ಪ್ಲೇಟೇ ಸವೆಯುತ್ತದೆ. ಶಿಮಾನೊ ಹೇಳುವ ಮಿತಿ: ಪ್ಯಾಡಿನ ಸವೆಯುವ ಪದರ 0.5 ಮಿಲಿಮೀಟರಿಗೆ ಬಂದರೆ ಬದಲಾಯಿಸಿ, 1.8 ಮಿಲಿಮೀಟರ್ ದಪ್ಪದ ಪ್ಲೇಟು 1.5ಕ್ಕೆ ಇಳಿದರೆ ಬದಲಾಯಿಸಿ. ಅಷ್ಟು ಸಣ್ಣ ಅಳತೆಯನ್ನು ಒಂಬತ್ತನೇ ಕ್ಲಾಸಿನ ಹುಡುಗ ಹೇಗೆ ನೋಡಬೇಕು? ಪ್ಯಾಡ್ ಮುಗಿಯಿತು ಅಂತ ಹೊರಗಿನಿಂದಲೇ ಕಾಣುವ ಗುರುತು ಇರಬೇಕಿತ್ತು. ಬೈಕಿನ ಬ್ರೇಕ್ ಡ್ರಮ್ಮಿನ ಮೇಲೆ ಬಾಣದ ಗುರುತು ಇರುತ್ತದಲ್ಲ, ಹಾಗೆ.

ಆಯಿಲ್‌ನಲ್ಲಿ ಎರಡು ಜಾತಿ. ಕಾರು, ಬೈಕಿನ ಬ್ರೇಕಿಗೆ ಹಾಕುವಂಥ ಡಾಟ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4ರ ನಿಯಮದ ಪ್ರಕಾರ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ನೀರು ಹೀರಿದ ಮೇಲೆ 155 ಇದ್ದರೆ ಸಾಕು. ಆಗುಂಬೆ ಕಡೆಯಿಂದ ಗಾಳಿ ತೇವ ಹೊತ್ತು ತರುವ ನಮ್ಮೂರಲ್ಲಿ ಇದು ಸಣ್ಣ ವಿಚಾರವಲ್ಲ. ಮಿನರಲ್ ಆಯಿಲ್ ನೀರು ಹೀರುವುದಿಲ್ಲ. ಆದರೆ ಒಳಹೊಕ್ಕ ನೀರು ಬೆರೆಯದೆ ತಗ್ಗಿನ ಕ್ಯಾಲಿಪರಿನಲ್ಲಿ ಹೋಗಿ ಕೂತು 100 ಡಿಗ್ರಿಗೇ ಕುದಿಯುತ್ತದೆ. ಎರಡರಲ್ಲೂ ಕುದಿದರೆ ಆಗುವುದು ಒಂದೇ, ಲಿವರ್ ಹ್ಯಾಂಡಲ್ಲಿಗೆ ತಾಗುವವರೆಗೆ ಬರುತ್ತದೆ, ಸೈಕಲ್ ನಿಲ್ಲುವುದಿಲ್ಲ. ಒಂದರ ಜಾಗದಲ್ಲಿ ಇನ್ನೊಂದು ಹಾಕಿದರೆ ಒಳಗಿನ ರಬ್ಬರ್ ಸೀಲೇ ಹಾಳು. ಸೀಲಿನ ಕಷ್ಟ ದೊಡ್ಡವರನ್ನೂ ಬಿಟ್ಟಿಲ್ಲ: 2013ರ ಕೊನೆಯಲ್ಲಿ ಅಮೆರಿಕದ ಸೈಕಲ್ ಬಿಡಿಭಾಗದ ಕಂಪನಿ ಎಸ್‌ಆರ್‌ಎಎಂ ರೋಡ್ ಸೈಕಲ್ಲುಗಳಿಗೆಂದು ಮಾಡಿದ ತನ್ನ ಹೊಸ ಆಯಿಲ್ ಬ್ರೇಕುಗಳನ್ನೆಲ್ಲ ಬಳಸಬೇಡಿ ಎಂದು ವಾಪಸ್ ತರಿಸಿಕೊಂಡಿತು. ಕೊರೆಯುವ ಚಳಿಯಲ್ಲಿ ಸೀಲು ಒತ್ತಡ ಹಿಡಿಯುತ್ತಿರಲಿಲ್ಲ.

ಪ್ಲೇಟಿನ ಅಂಚು ಕೊಯ್ಯುತ್ತದೆ ಎಂಬ ಗಲಾಟೆಯೂ ಆಯಿತು. 2016ರ ಪ್ಯಾರಿಸ್-ರುಬೇ ರೇಸಿನಲ್ಲಿ ಸ್ಪೇನಿನ ಫ್ರಾನ್ ವೆಂತೋಸೊ ಕಾಲಿಗೆ ಆಳದ ಗಾಯವಾಗಿ, ಡಿಸ್ಕೇ ಕೊಯ್ದದ್ದು ಅಂದರು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ರೇಸುಗಳಲ್ಲಿ ನಡೆಸುತ್ತಿದ್ದ ಡಿಸ್ಕ್ ಪ್ರಯೋಗವನ್ನೇ ನಿಲ್ಲಿಸಿತು. ಅಂಚನ್ನು ದುಂಡಗೆ ಮಾಡಿದ ಮೇಲೆ ಮತ್ತೆ ಬಿಟ್ಟು, 2018ರಲ್ಲಿ ಪೂರ್ತಿ ಒಪ್ಪಿಕೊಂಡಿತು. ಗಲಾಟೆಗೆ ಹೋಲಿಸಿದರೆ ಪರಿಹಾರ ಎಷ್ಟು ಚಿಕ್ಕದು ನೋಡಿ, ಅಂಚು ಉಜ್ಜಿದರೆ ಮುಗಿಯಿತು.

ಐಎಸ್‌ಒ 4210 ಎಂಬ ಸೈಕಲ್ ಸುರಕ್ಷತೆಯ ಮಾನದಂಡದಲ್ಲಿ ಬ್ರೇಕಿಗೆ ಒಣ ಪರೀಕ್ಷೆ ಗಂಟೆಗೆ 25 ಕಿಲೋಮೀಟರಿನಲ್ಲಿ, ಒದ್ದೆ ಪರೀಕ್ಷೆ 16ರಲ್ಲಿ. ಡಿಸ್ಕ್‌ಗೆ ಕಾವಿನ ಪರೀಕ್ಷೆಯೂ ಇದೆ. ಒಳ್ಳೆಯದೇ. ಆದರೆ ಲ್ಯಾಬಿಗೆ ಹೋಗುವುದು ಹೊಸ ಸೈಕಲ್, ಜೋಡಿಸುವವರು ಬಲ್ಲವರು. ನಮ್ಮಲ್ಲಿ ಸೈಕಲ್ ಬರುವುದು ಡಬ್ಬದಲ್ಲಿ. ಶನಿವಾರ ಸಂಜೆಯ ನೂಕುನುಗ್ಗಲಿನಲ್ಲಿ ಅಂಗಡಿಯ ಹುಡುಗ ಇಪ್ಪತ್ತು ನಿಮಿಷದಲ್ಲಿ ಜೋಡಿಸುತ್ತಾನೆ. ಅವನಿಗೂ ಬಿಗಿ ಎಷ್ಟಿರಬೇಕು ಅಂತ ಯಾರೂ ಹೇಳಿಕೊಟ್ಟಿರುವುದಿಲ್ಲ. ಎಡ-ಬಲ ಲಿವರ್ ಕೂಡ ಹೀಗೇ ಅದಲು ಬದಲಾಗುತ್ತದೆ. ನಮ್ಮಲ್ಲಿ ಬಲಗೈಗೆ ಮುಂದಿನ ಬ್ರೇಕ್ ರೂಢಿ, ಯುರೋಪು-ಅಮೆರಿಕದಲ್ಲಿ ಬಹುಪಾಲು ಎಡಗೈಗೆ. ಹೊರಗಿನಿಂದ ತರಿಸಿದ ಸೈಕಲ್ ಹತ್ತುವವರು ಗೇಟಿನೊಳಗೇ ಒಮ್ಮೆ ಹಿಡಿದು ನೋಡುವುದು ವಾಸಿ.

ಹಾಗಾಗಿ ನನ್ನ ಅಭಿಪ್ರಾಯ ಸ್ವಲ್ಪ ಒರಟಾಗಿದೆ. ಹತ್ತು ಸಾವಿರದ ಒಳಗೆ ಮಗುವಿಗೆ ಸೈಕಲ್ ಕೊಡಿಸುವವರು ಕೆಟ್ಟ ಡಿಸ್ಕ್‌ಗಿಂತ ರಿಮ್ ಹಿಡಿಯುವ ಒಳ್ಳೆಯ ವಿ-ಬ್ರೇಕ್ ಕೊಡಿಸಲಿ. ಮಳೆಯಲ್ಲಿ ತುಸು ತಡವಾಗಿ ಹಿಡಿಯುತ್ತದೆ, ನಿಜ. ಆದರೆ ಚಕ್ರವನ್ನು ಹೊರಗೆ ತಳ್ಳುವುದಿಲ್ಲ, ಶೂ ಸವೆದದ್ದು ಕಾಣುತ್ತದೆ, ಯಾವ ಪಂಚರ್ ಅಂಗಡಿಯಲ್ಲಾದರೂ ರಿಪೇರಿ ಆಗುತ್ತದೆ. ಡಿಸ್ಕೇ ಬೇಕು ಅಂದರೆ ಸ್ಟಿಕ್ಕರ್ ಬಿಟ್ಟು ಬಗ್ಗಿ ಫೋರ್ಕಿನ ತುದಿ ನೋಡಿ. ಆಕ್ಸಲ್ ಯಾವುದು, ಸೀಳು ಯಾವ ಕಡೆಗೆ, ವಾಷರಿನಲ್ಲಿ ಕೊಂಡಿ ಇದೆಯಾ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ. ನೋಡಲಿ.

ಬಾಷ್ 2018ರಲ್ಲಿ ಬ್ಯಾಟರಿ ಸೈಕಲ್ಲಿಗೆ ಎಬಿಎಸ್ ತಂದಿದೆ. ಮುಂದಿನ ಚಕ್ರ ಗಕ್ಕನೆ ನಿಂತು ಸವಾರ ಹ್ಯಾಂಡಲ್ ಮೇಲಿಂದ ಹಾರುವುದನ್ನು ತಪ್ಪಿಸಲು. ಅದು ನಮ್ಮ ಹುಡುಗರ ಸೈಕಲ್ಲಿಗೆ ಬರುವ ಹೊತ್ತಿಗೆ ಅವರ ಮಕ್ಕಳು ಒಂಬತ್ತನೇ ಕ್ಲಾಸಿಗೆ ಬಂದಿರುತ್ತಾರೆ.

ಕೊಬ್ಬರಿ ಎಣ್ಣೆಯ ಸೈಕಲ್ಲಿಗೆ ಬಂದರೆ, ಪ್ಲೇಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿದೆವು. ಪ್ಯಾಡು ಎಣ್ಣೆ ಕುಡಿದಿತ್ತು, ಅದನ್ನು ಉಳಿಸಿಕೊಳ್ಳುವ ದಾರಿಯಿಲ್ಲ, ಹೊಸದು ಹಾಕಿಸಿದೆವು. ಹೊಸ ಪ್ಯಾಡ್ ಪಳಗಬೇಕು ಅಂತ ಹುಡುಗನಿಂದ ಮನೆ ಮುಂದಿನ ರಸ್ತೆಯಲ್ಲಿ ಇಪ್ಪತ್ತು ಸಲ ಓಡಿಸಿ, ಹಿಡಿದು, ಬಿಡಿಸಿದ್ದಾಯಿತು. ಮುಂದಿನ ಚಕ್ರದ ನಟ್ ಬಿಚ್ಚಿ ನೋಡಿದರೆ ಎಡಗಡೆ ಕೊಂಡಿಯ ವಾಷರ್ ಇರಲೇ ಇಲ್ಲ. ಬಲಗಡೆ ಇತ್ತು. ಡಬ್ಬದಲ್ಲೇ ಬಂದಿರಲಿಲ್ಲವೋ, ಅಂಗಡಿಯ ನೆಲದಲ್ಲಿ ಬಿತ್ತೋ. ಹಳೆಯ ಸೈಕಲ್ಲಿನದೊಂದು ಹುಡುಕಿ ಹಾಕಿದೆವು.

ಪೆನ್ಸಿಲ್ ಪರೀಕ್ಷೆ ಅವನಿಗೆ ಬಹಳ ಹಿಡಿಸಿತು. ಮುಂದಿನ ಭಾನುವಾರ ಬೆಳಿಗ್ಗೆ ಮುಳ್ಳಯ್ಯನಗಿರಿಗೆ ಹೊರಟ ಐದೂ ಸೈಕಲ್ಲುಗಳು ನಮ್ಮ ಗೇಟಿನ ಮುಂದೆ ಸಾಲಾಗಿ ನಿಂತಿದ್ದವು. ಕಂಪಾಸ್ ಬಾಕ್ಸಿನ ಪೆನ್ಸಿಲ್ ಹಿಡಿದು ಅವನು ಒಂದೊಂದರ ಮುಂದೆಯೂ ಕುಕ್ಕರುಗಾಲಲ್ಲಿ ಕೂತ. ಕ್ವಿಕ್ ರಿಲೀಸ್ ಇದ್ದದ್ದು ಎರಡಕ್ಕೆ. ಒಂದಕ್ಕೆ ಪೆನ್ಸಿಲ್ ತೂರಿತು. ಇನ್ನೊಂದಕ್ಕೆ ಮೊನೆಯೂ ಹೋಗಲಿಲ್ಲ. ಆ ಸೈಕಲ್ಲನ್ನು ನಮ್ಮ ಕಾಂಪೌಂಡಿನಲ್ಲಿ ನಿಲ್ಲಿಸಿ, ಅದರ ಹುಡುಗನನ್ನು ನಮ್ಮ ಹಳೆಯ ವಿ-ಬ್ರೇಕ್ ಸೈಕಲ್ ಮೇಲೆ ಕಳಿಸಿದೆವು. ಸೀಟು ಎತ್ತರವಾಯಿತು ಅಂತ ಕೈಮರದವರೆಗೂ ಗೊಣಗಿದನಂತೆ.